ನಡ ನೋವು ಅಂತ ಸುಮ್ಮನೆ ಕೂರಬೇಡಿ
ಗರ್ಭಕೊರಳಿನ ಕ್ಯಾನ್ಸರ್ ಎಲುಬಿಗೆ ಇಳಿದಾಗ

(ಹರಪನಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಇವೆಲ್ಲ ನಿಮಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಇವತ್ತು ಲೆಕ್ಕದ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡೋಣ. ಹೋದ ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ಬಂದು ಕೇಳಿದರು: "ಸಿಸ್ಟರ್, ನಮ್ಮ ಓಣಿಯ ಒಬ್ಬ ಹೆಣ್ಮಗಳಿಗೆ ಗರ್ಭಕೋಶದ ಕ್ಯಾನ್ಸರ್ ಅಂತ ಹೇಳಿದ್ರು. ಈಗ ಅದು ಎಲುಬಿಗೆ ಇಳಿದೈತಿ ಅಂತಾರೆ. ಹೊಟ್ಟೆ ಒಳಗಿನ ರೋಗ ಎಲುಬಿಗೆ ಹೆಂಗ ಹೋಗ್ತದ್ರಿ? ಅದು ಬ್ಯಾರೆ ರೋಗನಾ?" ಅವತ್ತು ಬಸ್ಸಿನ ಹೊತ್ತಾಗಿತ್ತು, ಎರಡು ಮಾತು ಹೇಳಿ ಕಳಿಸಿದೆ. ಅದು ಎಲ್ಲರೂ ಕೂತು ಕೇಳಬೇಕಾದ ವಿಷಯ ಅನ್ನಿಸಿ ಇವತ್ತು ತೆಗೆದುಕೊಂಡಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಕೂತವರಲ್ಲಿ ನಡ ನೋವು ಇಲ್ಲದವರು ಯಾರು, ಕೈ ಎತ್ತಿ ಅಂದರೆ ಒಂದು ಕೈಯೂ ಮೇಲೇಳುವುದಿಲ್ಲ. ಶೇಂಗಾ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರು ನೀವು, ಮೆಕ್ಕೆಜೋಳದ ಚೀಲ ಎತ್ತುವವರು ನೀವು, ಕೊಡ ಹೊರುವವರೂ ನೀವೇ. ಹೆರಿಗೆಯಾದ ಮೂರನೇ ತಿಂಗಳಿಗೆ ಕೂಲಿಗೆ ಹೋದವರೂ ಇದ್ದೀರಿ. ನಡ ನೋಯದೆ ಇನ್ನೇನಾಗುತ್ತದೆ? ಈ ನೋವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ದುಡಿಮೆಯ ನೋವು, ರಕ್ತಹೀನತೆಯ ನೋವು, ವಯಸ್ಸಿನ ನೋವು. ಕ್ಯಾನ್ಸರ್ ಅಲ್ಲ. ನಿಮ್ಮನ್ನು ಹೆದರಿಸುವುದಕ್ಕೆ ನಾನು ಬಂದಿಲ್ಲ. ಆದರೆ ಇದೇ ಕಾರಣಕ್ಕೆ, ನಿಜವಾಗಿ ಕೆಟ್ಟದ್ದಾದ ಒಂದು ನೋವು ಬಂದಾಗಲೂ "ಇದ್ದದ್ದೇ ಬಿಡವ್ವ" ಎಂದು ಬಿಟ್ಟುಬಿಡುತ್ತೇವೆ. ಆ ಒಂದು ನೋವನ್ನು ಉಳಿದವುಗಳ ನಡುವೆ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಇಷ್ಟೇ ಇವತ್ತಿನ ಮಾತು.

ರೋಗ ಹೋಗುವ ದಾರಿ

ಗರ್ಭಕೋಶ ಒಂದು ಚಿಕ್ಕ ಚೀಲ. ಅದರ ಬಾಯಿಯ ಭಾಗಕ್ಕೆ ಗರ್ಭಕೊರಳು ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ "ಗರ್ಭಕೋಶದ ಕ್ಯಾನ್ಸರ್" ಎಂದು ಹೇಳುವುದು ಬಹಳ ಸಲ ಈ ಕೊರಳಿನ ಕ್ಯಾನ್ಸರನ್ನೇ. ಇದಕ್ಕೆ ಕಾರಣ ಒಂದು ವೈರಸ್, ಹೆಸರು ಎಚ್.ಪಿ.ವಿ. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು, ಅದಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್ ಗಂಡು ಹೆಣ್ಣಿನ ದೇಹ ಸಂಬಂಧದಿಂದ ಹರಡುತ್ತದೆ. ಈ ಮಾತು ಹೇಳಿದ ಕೂಡಲೇ ಕೆಲವರು ತಲೆ ತಗ್ಗಿಸುತ್ತೀರಿ, ಕೆಲವರು ಪಕ್ಕದವರ ಮುಖ ನೋಡುತ್ತೀರಿ. ಬೇಡ. ಮದುವೆಯಾದ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಇದು ಯಾವಾಗಲೋ ಒಮ್ಮೆ ಬಂದು ತಾನಾಗಿ ಹೋಗಿರುತ್ತದೆ. ನೆಗಡಿ ಬಂದು ಹೋದ ಹಾಗೆ. ಕೆಲವರಲ್ಲಿ ಮಾತ್ರ ಹೋಗದೆ ಉಳಿಯುತ್ತದೆ. ಇದು ನಡತೆಯ ಕಾಯಿಲೆ ಅಲ್ಲ. ಒಬ್ಬನೇ ಗಂಡನ ಜೊತೆ ಬಾಳಿದ ಹೆಣ್ಣುಮಗಳಿಗೂ ಬರುತ್ತದೆ. ಈ ರೋಗ ಬಂದವಳ ನಡತೆಯನ್ನು ಅಳೆಯುವ ನಾಲಿಗೆ ನಮ್ಮ ಸಂಘದಲ್ಲಿ ಇರಬಾರದು.

ಉಳಿದುಕೊಂಡ ವೈರಸ್ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ದೇಹದ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ. ಇಷ್ಟು ವರ್ಷ ಅದು ಕೊರಳಿನ ಚರ್ಮದಲ್ಲೇ ಕೂತಿರುತ್ತದೆ, ನೋವಿಲ್ಲ ಗೀವಿಲ್ಲ. ಆಮೇಲೆ ಪಕ್ಕಕ್ಕೆ ಹಬ್ಬುತ್ತದೆ. ಮುಂದೆ ಮೂತ್ರದ ಚೀಲ, ಹಿಂದೆ ಮಲದ ದಾರಿ, ಎರಡೂ ಬದಿಗೆ ಸೊಂಟದ ಗೋಡೆ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅಂಥ ಗಂಟುಗಳು ಸೊಂಟದ ಒಳಗೂ, ಬೆನ್ನುಮೂಳೆಯ ಮುಂಭಾಗದಲ್ಲೂ ಸಾಲಾಗಿವೆ. ರೋಗದ ಕಣಗಳು ಒಂದು ಗಂಟಿನಿಂದ ಇನ್ನೊಂದಕ್ಕೆ ಏರುತ್ತಾ ಬೆನ್ನುಮೂಳೆಯ ಪಕ್ಕಕ್ಕೆ ಬರುತ್ತವೆ, ಅಲ್ಲಿಂದ ಮೂಳೆಯೊಳಕ್ಕೆ ನುಗ್ಗಬಹುದು. ಇನ್ನೊಂದು ದಾರಿ ರಕ್ತ. ರಕ್ತದಲ್ಲಿ ಹೋದರೆ ಶ್ವಾಸಕೋಶ, ಯಕೃತ್ತು, ಎಲುಬು ಎಲ್ಲಿ ಬೇಕಾದರೂ ಕೂರಬಹುದು. ಎಲ್ಲರಿಗೂ ಎಲುಬಿಗೆ ಇಳಿಯುವುದಿಲ್ಲ, ಈ ಕ್ಯಾನ್ಸರಿನಲ್ಲಿ ಅದು ಕಡಿಮೆ ಜನಕ್ಕೆ ಆಗುವುದು. ಆದರೆ ಇಳಿದಾಗ ಹೆಚ್ಚಾಗಿ ನಡದ ಬೆನ್ನುಮೂಳೆಗೆ ಮತ್ತು ಸೊಂಟದ ಎಲುಬಿಗೆ ಇಳಿಯುತ್ತದೆ. ನಾವು ಬಗ್ಗುವ, ಹೊರುವ, ನೋವನ್ನು ಲೆಕ್ಕಕ್ಕೆ ಹಿಡಿಯದ ಜಾಗವೇ ಅದು. ಕಷ್ಟ ಇರುವುದು ಇಲ್ಲೇ.

ಹಾಗಾದರೆ ಅದು ಬೇರೆ ರೋಗವೇ? ಅಲ್ಲ. ಎಲುಬಿನಲ್ಲಿ ಕೂತದ್ದೂ ಗರ್ಭಕೊರಳಿನ ಕ್ಯಾನ್ಸರೇ. ನಮ್ಮ ತಾಂಡಾದ ಜನ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋಗಿ ವರ್ಷಗಟ್ಟಲೆ ಇದ್ದರೂ ಅವರು ಹರಪನಹಳ್ಳಿಯವರೇ ತಾನೇ? ಹಾಗೆ. ಆದ್ದರಿಂದ ಡಾಕ್ಟರು ಕೇಳದಿದ್ದರೂ "ನನಗೆ ಹಿಂದೆ ಗರ್ಭಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಆಗಿತ್ತು" ಎಂದು ನೀವೇ ಹೇಳಬೇಕು. ಹಳೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟುಕೊಂಡಿರಬೇಕು.

ಎಲುಬು ಕಲ್ಲಿನ ಹಾಗೆ ಸತ್ತ ವಸ್ತು ಅಲ್ಲ, ಅದು ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಕಟ್ಟಿಕೊಳ್ಳುತ್ತದೆ. ಕ್ಯಾನ್ಸರಿನ ಕಣ ಒಳಗೆ ಕೂತರೆ ಕರಗಿಸುವ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತದೆ. ಗೆದ್ದಲು ತಿಂದ ತೊಲೆ ನೋಡಿದ್ದೀರಲ್ಲ, ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಂದು ದಿನ ಭಾರ ಬಿದ್ದಾಗ ಲಟಕ್ಕನೆ ಮುರಿಯುತ್ತದೆ. ಎಲುಬೂ ಹಾಗೆಯೇ. ಎಕ್ಸ್‌ರೇಯಲ್ಲಿ ಇದು ಕಾಣಬೇಕಾದರೆ ಎಲುಬಿನ ಸುಣ್ಣ ಬಹಳಷ್ಟು, ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ, ಕರಗಿರಬೇಕು. ಹಾಗಾಗಿ "ಎಕ್ಸ್‌ರೇ ಸರಿ ಇದೆ" ಎಂಬ ಒಂದೇ ಮಾತಿಗೆ ನಿಲ್ಲಬಾರದು. ಈ ರೋಗಕ್ಕೆ ಚಿಕಿತ್ಸೆ ಆದವರಿಗೆ ಸಿ.ಟಿ., ಎಂ.ಆರ್.ಐ. ಅಥವಾ ಬೋನ್ ಸ್ಕ್ಯಾನ್ ಬೇಕಾಗಬಹುದು. ಇನ್ನೊಂದು, ಬೆನ್ನುಮೂಳೆಗೆ ಕ್ಷಯವೂ ಬರುತ್ತದೆ, ನೋವು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಅದು ಔಷಧಿಯಿಂದ ವಾಸಿಯಾಗುವಂಥದ್ದು. ಪರೀಕ್ಷೆಯಿಲ್ಲದೆ ನಾವೇ ಹೆಸರು ಇಟ್ಟುಕೊಂಡು ಕೈಚೆಲ್ಲಿ ಕೂರಬಾರದು.

ಯಾವ ನೋವು ಕೆಟ್ಟ ನೋವು?

ದುಡಿಮೆಯ ನೋವು ಮಲಗಿದರೆ ಕಡಿಮೆಯಾಗುತ್ತದೆ. ಬೆಳಗ್ಗೆ ಎದ್ದಾಗ ಹಗುರ, ಸಂಜೆಗೆ ಜಾಸ್ತಿ. ಎಲುಬಿಗೆ ಇಳಿದ ನೋವಿಗೆ ವಿಶ್ರಾಂತಿ ಅಂದರೆ ಲೆಕ್ಕಕ್ಕಿಲ್ಲ. ರಾತ್ರಿ ಮಲಗಿದಾಗಲೇ ಜಾಸ್ತಿ, ನಿದ್ದೆಯಿಂದ ಎಬ್ಬಿಸುತ್ತದೆ. ವಾರದಿಂದ ವಾರಕ್ಕೆ ಏರುತ್ತದೆ. ಒಂದು ಜಾಗವನ್ನು ಬೆರಳಿಟ್ಟು ತೋರಿಸಬಹುದು, ಅಲ್ಲಿ ಮೆಲ್ಲಗೆ ತಟ್ಟಿದರೂ ಜೀವ ಹೋದಂತಾಗುತ್ತದೆ. ಅಂಗಡಿಯಿಂದ ತಂದ ಗುಳಿಗೆ ಮೊದಲು ನಾಲ್ಕು ತಾಸು ತಡೆದದ್ದು ಆಮೇಲೆ ಒಂದು ತಾಸೂ ತಡೆಯುವುದಿಲ್ಲ.

ಇದರ ಜೊತೆಗೆ ಕೆಳಗಿನ ಸಂಗತಿಗಳಿವೆಯೇ ನೋಡಬೇಕು. ದುರ್ವಾಸನೆಯ ಬಿಳುಪು ಅಥವಾ ನೀರಿನಂತೆ ಹೋಗುವುದು. ಮುಟ್ಟಿನ ನಡುವೆ ರಕ್ತ. ಗಂಡನ ಜೊತೆ ಸೇರಿದ ಮೇಲೆ ರಕ್ತ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ. ಈ ಕಡೆಯದನ್ನು ನಮ್ಮವರು "ಮತ್ತೆ ಮುಟ್ಟಾದೆ, ಇನ್ನೂ ಶಕ್ತಿ ಐತಿ" ಎಂದು ನಗುತ್ತಾರೆ. ನಗಬೇಡಿ, ಅದೇ ವಾರ ತೋರಿಸಿ.

ನಡ ನೋವಿಗೆ ಇನ್ನೊಂದು ಕಾರಣವೂ ಇದೇ ರೋಗದಲ್ಲಿ ಇದೆ. ಗಡ್ಡೆ ಬದಿಗೆ ಬೆಳೆದು ಮೂತ್ರದ ನಾಳವನ್ನು ಒತ್ತಿದರೆ ಮೂತ್ರಪಿಂಡ ಬಾತುಕೊಳ್ಳುತ್ತದೆ, ಪಕ್ಕೆ ನೋಯುತ್ತದೆ. ಒಂದೇ ಕಾಲು ಬಾವು, ಅದೇ ಕಾಲಿಗೆ ಸೊಂಟದಿಂದ ಹಿಮ್ಮಡಿವರೆಗೆ ಸೆಳೆತ, ಪಕ್ಕೆ ನೋವು, ಈ ಮೂರೂ ಕೂಡಿದರೆ ತಡ ಮಾಡುವಂತಿಲ್ಲ. ಇದು ಎಲುಬಿನದ್ದೋ ಗಂಟಿನದ್ದೋ ಮೂತ್ರಪಿಂಡದ್ದೋ ಎಂದು ಡಾಕ್ಟರು ನೋಡಿ ಹೇಳಬೇಕು. ಮನೆಯಲ್ಲಿ ಕೂತು ಹೇಳಲಾಗದು.

ಈಗ ಚಿಕಿತ್ಸೆ ಮುಗಿಸಿ ಬಂದ ಸದಸ್ಯೆಯರಿಗೆ ಬೇರೆಯಾಗಿ ಒಂದು ಮಾತು. ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಮರಳುತ್ತದೆ. ಅದಕ್ಕೇ ಮೂರು ನಾಲ್ಕು ತಿಂಗಳಿಗೊಮ್ಮೆ ಬರಲು ಹೇಳಿರುತ್ತಾರೆ. ನಮ್ಮವರು ಎರಡು ಸಲ ಹೋಗುತ್ತಾರೆ, "ಚೆನ್ನಾಗಿದೀನಿ" ಎಂದು ನಿಲ್ಲಿಸುತ್ತಾರೆ. ನಿಮ್ಮ ಸಂಘದಲ್ಲಿ ಅಂಥವರಿದ್ದರೆ ಅವರ ಮುಂದಿನ ತಾರೀಖನ್ನು ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಸಾಲದ ಕಂತಿನ ತಾರೀಖು ನೆನಪಿಸುವ ನಮಗೆ ಇದು ಕಷ್ಟವಲ್ಲ.

ಒಬ್ಬ ಹೆಣ್ಣುಮಗಳ ಮಾತು ಹೇಳುತ್ತೇನೆ. ಊರು ಹೆಸರು ಬೇಡ. ಐವತ್ತರ ಒಳಗಿನ ವಯಸ್ಸು, ಕೂಲಿಯವಳು. ಎರಡು ವರ್ಷ ಬಿಳುಪು ಹೋಗುತ್ತಿತ್ತು, ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಮಗಳಿಗೂ ಹೇಳಲಿಲ್ಲ. ಆಮೇಲೆ ರಕ್ತ. ಒಂದು ಕಡೆ ತೋರಿಸಿದಾಗ ಒಳಗೆ ಪರೀಕ್ಷೆ ಮಾಡದೆ ಗುಳಿಗೆ ಬರೆದು ಕಳಿಸಿದರು. ನಡ ನೋವು ಶುರುವಾದಾಗ ಎಣ್ಣೆ ಹಚ್ಚಿ ತಿಕ್ಕಿಸಿದಳು, ಮೂರು ಸಲ "ನಡ ಎಳೆಸಿ" ಬಂದಳು. ಮೂರನೇ ಸಲ ಎಳೆದಾಗ ಏನೋ ಮುರಿದಂತೆ ಶಬ್ದವಾಯಿತು. ಅವತ್ತಿನಿಂದ ಎದ್ದು ನಿಲ್ಲಲಾಗಲಿಲ್ಲ. ಎಳೆದವರ ಮೇಲೆ ನನಗೆ ಸಿಟ್ಟಿಲ್ಲ, ಉಳುಕಿದ ಕಾಲು ಸರಿಮಾಡಿ ಎಷ್ಟೋ ಜನಕ್ಕೆ ಉಪಕಾರ ಮಾಡಿದ ಕೈ ಅದು. ಆದರೆ ಒಳಗೆ ಟೊಳ್ಳಾದ ಎಲುಬು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ನೆನಪಿಡಿ: ಬಿಳುಪು ಅಥವಾ ರಕ್ತದ ತೊಂದರೆ ಇರುವವರು, ಈ ಕ್ಯಾನ್ಸರಿಗೆ ಚಿಕಿತ್ಸೆ ಆದವರು ನಡ ನೋವಿಗೆ ತಿಕ್ಕಿಸುವುದು, ತುಳಿಸುವುದು, ಎಳೆಸುವುದು ಬೇಡವೇ ಬೇಡ.

ಇನ್ನು ಎರಡು ಅಪಾಯಗಳಿವೆ, ಅವು ಬಂದರೆ ಮರುದಿನದವರೆಗೂ ಕಾಯುವಂತಿಲ್ಲ. ಒಂದು: ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು, ಚಪ್ಪಲಿ ಕಳಚಿದ್ದು ಗೊತ್ತಾಗದಿರುವುದು, ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಸೊಂಟದ ಸುತ್ತ ಪಟ್ಟಿ ಬಿಗಿದಂತಾಗುವುದು. ಬೆನ್ನುಹುರಿ, ನರಗಳು ಒತ್ತಿಹೋಗುತ್ತಿವೆ ಎಂದು ಅದರ ಅರ್ಥ. ಇನ್ನೂ ನಡೆಯುವ ಶಕ್ತಿ ಇದ್ದಾಗ ಚಿಕಿತ್ಸೆ ಶುರುವಾದರೆ ಮುಂದೆಯೂ ನಡೆಯುವ ಆಸೆ ಇದೆ. ಕಾಲು ಪೂರ್ತಿ ಬಿದ್ದ ಮೇಲೆ ಹೋದರೆ ಕಾಲು ಮರಳುವುದು ಅಪರೂಪ. 108ಕ್ಕೆ ಫೋನ್ ಮಾಡಿ, ಹೊರಡಿ. ಎರಡು: ಕರಗಿದ ಎಲುಬಿನ ಸುಣ್ಣ ರಕ್ತಕ್ಕೆ ಸೇರಿ ಜಾಸ್ತಿಯಾಗುವುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲ ಕಟ್ಟುವುದು, ವಾಂತಿ, ಮಂಪರು, ಏನೇನೋ ಮಾತಾಡುವುದು. ನಮ್ಮಲ್ಲಿ ಇದಕ್ಕೆ "ಗಾಳಿ ಸೋಕೈತಿ" ಎಂದು ಯಂತ್ರ ಕಟ್ಟಿಸುತ್ತಾರೆ. ಆಸ್ಪತ್ರೆಯಲ್ಲಿ ಬಾಟಲಿ ಹಾಕಿ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಸಲ ಎರಡು ಮೂರು ದಿನದಲ್ಲಿ ಬುದ್ಧಿ ಸ್ಥಿಮಿತಕ್ಕೆ ಬರುತ್ತದೆ.

"ಏನೂ ಮಾಡಕ್ಕಾಗಲ್ಲ" ಅನ್ನುವ ಮಾತು

ಸುಳ್ಳು ಭರವಸೆ ಕೊಡುವುದು ನನ್ನ ಕೆಲಸ ಅಲ್ಲ. ಕ್ಯಾನ್ಸರ್ ಎಲುಬಿಗೆ ಇಳಿದ ಮೇಲೆ ಪೂರ್ತಿ ಗುಣವಾಗುವುದು ಬಹಳ ಅಪರೂಪ. ಬಹುಪಾಲು ಜನರಿಗೆ ಉಳಿದಿರುವುದು ತಿಂಗಳುಗಳ ಲೆಕ್ಕ, ಕೆಲವರಿಗೆ ವರ್ಷ ದಾಟುತ್ತದೆ. ಆದರೆ ಗುಣವಾಗುವುದಿಲ್ಲ ಅನ್ನುವುದು ಒಂದು ಮಾತು, ಏನೂ ಮಾಡಕ್ಕಾಗಲ್ಲ ಅನ್ನುವುದು ಇನ್ನೊಂದು ಮಾತು. ಎರಡನೆಯದು ಸುಳ್ಳು. ಆ ತಿಂಗಳುಗಳನ್ನು ಕಿರುಚಿಕೊಂಡು ಕಳೆಯಬೇಕಾಗಿಲ್ಲ.

ಮೊದಲನೆಯದು ವಿಕಿರಣ ಚಿಕಿತ್ಸೆ. ನಮ್ಮ ಕಡೆ "ಕರೆಂಟ್ ಕೊಡೋದು" ಅಂತಾರೆ. ಇದರಲ್ಲಿ ಕರೆಂಟ್ ಶಾಕ್ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡ ಹಾಗೆ ಸುಮ್ಮನೆ ಮಲಗಬೇಕು, ಆ ಹೊತ್ತಿಗೆ ನೋವಾಗುವುದಿಲ್ಲ. ಎಲುಬಿನ ನೋವು ತಗ್ಗಿಸಲು ಬಹಳ ಜನಕ್ಕೆ ಒಂದೇ ಒಂದು ದಿನದ ವಿಕಿರಣ ಸಾಕಾಗುತ್ತದೆ, ಹತ್ತು ದಿನ ಕೊಟ್ಟಷ್ಟೇ ನೋವು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಒಂದೇ ದಿನದ್ದಾದರೆ ಮುಂದೆ ಮತ್ತೊಮ್ಮೆ ಬೇಕಾಗುವ ಸಂಭವ ಸ್ವಲ್ಪ ಜಾಸ್ತಿ, ಅಷ್ಟೇ. ಕೂಲಿ ಬಿಟ್ಟು ಊರು ಬಿಟ್ಟು ಬರುವವರಿಗೆ ಇದು ಸಣ್ಣ ವಿಷಯವಲ್ಲ. "ನಮಗೆ ಒಂದು ದಿನದ್ದು ಆಗುತ್ತದೆಯೇ ಸಾರ್?" ಎಂದು ಕೇಳುವ ಹಕ್ಕು ನಿಮಗಿದೆ. ನೋವು ಇಳಿಯಲು ಎರಡು ಮೂರು ವಾರ ಬೇಕು, ಮೊದಲ ಎರಡು ದಿನ ಸ್ವಲ್ಪ ಜಾಸ್ತಿಯೂ ಆಗಬಹುದು. ಅದಕ್ಕೆ ಹೆದರಬಾರದು. ಎಲುಬು ಕರಗುವುದನ್ನು ತಡೆಯುವ ಇಂಜೆಕ್ಷನ್ನೂ ಇದೆ, ಹಲ್ಲು ಮತ್ತು ಮೂತ್ರಪಿಂಡ ನೋಡಿ ಕೊಡುತ್ತಾರೆ.

ಎರಡನೆಯದು ಮಾರ್ಫಿನ್. ಇದರ ಹೆಸರು ಕೇಳಿದರೆ ಓದಿದವರೂ ಹೆದರುತ್ತಾರೆ. ಅಫೀಮಿನಿಂದ ಬರುವ ಔಷಧಿ, ಚಟವಾಗುತ್ತದೆ, ಬೇಗ ಸಾಯುತ್ತಾರೆ ಅಂತೆಲ್ಲಾ ಮಾತು. ನೋವಿಗೆ ತಕ್ಕಷ್ಟು ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡವರಿಗೆ ಚಟವಾಗುವುದು ಬಹಳ ಅಪರೂಪ, ಅದು ಸಾವನ್ನು ಹತ್ತಿರ ಎಳೆಯುವುದೂ ಇಲ್ಲ. ಸಾದಾ ಮಾರ್ಫಿನ್ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಆಮೇಲೆ ಕೊಡೋಣ ಎಂದು ಕಾಯಬಾರದು. ಮಲ ಕಟ್ಟುತ್ತದೆ, ಅದಕ್ಕೆ ಜೊತೆಯಲ್ಲೇ ಭೇದಿ ಔಷಧಿ ಇರಲೇಬೇಕು. ಮಕ್ಕಳ ಕೈಗೆ, ಕುಡುಕರ ಕೈಗೆ ಸಿಗದಂತೆ ಟ್ರಂಕಿನಲ್ಲಿ ಬೀಗ ಹಾಕಿಡಿ. ಮೊದಲು ಇದನ್ನು ಇಟ್ಟುಕೊಳ್ಳುವ ಆಸ್ಪತ್ರೆಗಳಿಗೆ ನಾಲ್ಕಾರು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿಯಾಗಿ ಅದು ಸಲೀಸಾಯಿತು. ಆದರೂ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ದೊಡ್ಡ ಆಸ್ಪತ್ರೆಯ ನೋವು ನಿವಾರಣೆ ವಿಭಾಗದಲ್ಲಿ ಕೇಳಬೇಕು.

ಎಲ್ಲಿಗೆ ಹೋಗಬೇಕು? ಮೊದಲು ತಾಲೂಕು ಆಸ್ಪತ್ರೆಯ ಲೇಡಿ ಡಾಕ್ಟರು. ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, 1973ರಲ್ಲಿ ಶುರುವಾದ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಬೆಂಗಳೂರಿಗಿಂತ ಅದು ಹತ್ತಿರ. ಕೊನೆಯ ಹಂತದಲ್ಲಿ ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, 1999ರಿಂದ ಜಾತಿ ಧರ್ಮ ನೋಡದೆ, ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ.

ಖರ್ಚಿನ ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಬೇಕು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಪಡೆದುಕೊಳ್ಳಿ. ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕೂತಲ್ಲೇ ಕೂತು ಮೂರು ಜಿಲ್ಲೆ ನೋಡಿದವರು ನಾವು! ಹಾಗಾಗಿ ಮನೆಯಲ್ಲಿ ಯಾರ ಕಾರ್ಡಿನಲ್ಲಿ ಯಾವ ಜಿಲ್ಲೆ, ಹೆಸರು ಎಲ್ಲ ಕಾಗದದಲ್ಲೂ ಒಂದೇ ರೀತಿ ಇದೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಿ ಸರಿಮಾಡಿಸಿಡಿ. 2023ರ ಜೂನ್ ತಿಂಗಳಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. "ಬಸ್ ಚಾರ್ಜಿಗೆ ದುಡ್ಡಿಲ್ಲ" ಎಂಬ ಕಾರಣ ಅರ್ಧ ಹೋಯಿತು. ಜೊತೆಗೆ ಗಂಡಸೇ ಬರಬೇಕು ಅಂತೇನಿಲ್ಲ, ಸಂಘದ ಒಬ್ಬ ಅಕ್ಕ ಹೋದರೆ ಅವರಿಗೂ ಟಿಕೆಟ್ ಇಲ್ಲ.

ಮನೆಯಲ್ಲಿ ನೋಡಿಕೊಳ್ಳುವಾಗ ಮೊದಲು ಗಮನಿಸಬೇಕಾದ್ದು ಹಾಸಿಗೆ. ಜೋತುಬಿದ್ದ ನುಲಿ ಮಂಚ ಬೇಡ, ಹಲಗೆ ಹಾಕಿ ಮೇಲೆ ಮೆತ್ತನೆ ಕೌದಿ ಹಾಸಿ. ರಟ್ಟೆ ಹಿಡಿದು ಎಳೆದು ಕೂರಿಸಬೇಡಿ. ಕೆಳಗೆ ಒಂದು ದುಪ್ಪಟಿ ಹಾಸಿಟ್ಟು ಮೂವರು ಸೇರಿ, ದಿಮ್ಮಿ ಹೊರಳಿಸಿದಂತೆ ತಲೆ, ಸೊಂಟ, ಕಾಲು ಒಟ್ಟಿಗೆ ಹೊರಳಿಸಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದಿಲ್ಲ. ಇನ್ನೊಂದು ಮಾತು, ಹೇಳಲು ಸಂಕೋಚ, ಆದರೆ ಹೇಳಲೇಬೇಕು: ವಾಸನೆ. ಈ ರೋಗದಲ್ಲಿ ಕೆಳಗಿನಿಂದ ಬರುವ ವಾಸನೆಗೆ ಮನೆಯವರೇ ದೂರ ಸರಿಯುತ್ತಾರೆ. ಆ ತಾಯಿ ಹಿತ್ತಲ ಕೋಣೆ ಸೇರುತ್ತಾಳೆ. ನೋವಿಗಿಂತ ಅದೇ ಅವಳನ್ನು ಹೆಚ್ಚು ಕೊಲ್ಲುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಮೆಟ್ರೊನಿಡಜೋಲ್ ಎಂಬ ಅಗ್ಗದ ಗುಳಿಗೆಯಿಂದ ಈ ವಾಸನೆ ಬಹಳ ಕಡಿಮೆಯಾಗುತ್ತದೆ. ಹೇಗೆ ಬಳಸಬೇಕೆಂದು ಡಾಕ್ಟರನ್ನೋ ನರ್ಸನ್ನೋ ಕೇಳಿ. ಮುಟ್ಟಿದರೆ, ಜೊತೆಗೆ ಉಂಡರೆ ಕ್ಯಾನ್ಸರ್ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡುವುದು ಬೇಡ. ವಾರಕ್ಕೆ ಎರಡು ರಾತ್ರಿ ಸಂಘದ ಇಬ್ಬರು ಹೋಗಿ ಕೂತರೆ ಮನೆಯ ಸೊಸೆಗೋ ಮಗಳಿಗೋ ಎರಡು ರಾತ್ರಿ ನಿದ್ದೆ ಸಿಗುತ್ತದೆ.

ಎಲುಬಿನವರೆಗೆ ಹೋಗಲು ಬಿಡಬೇಕೆ?

ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 25 ಸಾವಿರ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಇದು 15 ವರ್ಷ ಬಾಗಿಲಲ್ಲಿ ನಿಂತು ಕಾಯುವ ರೋಗ ಎಂದೆನಲ್ಲ, ಹಾಗಿದ್ದೂ ಇಷ್ಟು ಸಾವು.

ನಮ್ಮಂಥದ್ದೇ ಒಣಭೂಮಿ, ಜೋಳದ ಸೀಮೆ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಹೆಸರು ಧಾರಾಶಿವ. ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1 ಲಕ್ಷ 31 ಸಾವಿರ ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿ ದೊಡ್ಡ ಅಧ್ಯಯನ ನಡೆಸಿ 2009ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಜೀವಮಾನದಲ್ಲಿ ಒಂದೇ ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟರು. ಎಂಟು ವರ್ಷದಲ್ಲಿ ಆ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಮಾಡದ ಗುಂಪಿನಲ್ಲಿ 64. ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದವರಲ್ಲಿ ಒಬ್ಬರೂ ಸಾಯಲಿಲ್ಲ. ಪರೀಕ್ಷೆ ಸಿಗದ ಆ ಗುಂಪಿನ ತಾಯಂದಿರನ್ನು ನೆನೆದರೆ ನನಗೆ ಸಂಕಟವಾಗುತ್ತದೆ, ಹಾಗೆ ಬಿಟ್ಟದ್ದು ಸರಿಯೇ ಎಂದು ಆಮೇಲೆ ಬಹಳ ಚರ್ಚೆಯೂ ನಡೆಯಿತು. ಆದರೆ ಆ ಲೆಕ್ಕ ಈಗ ನಮ್ಮ ಕೈಯಲ್ಲಿದೆ. ಒಂದೇ ಒಂದು ಸಲ ಪರೀಕ್ಷೆ ಮಾಡಿಸಿದರೂ ಸಾವು ಅರ್ಧಕ್ಕೆ ಇಳಿಯುತ್ತದೆ.

ಸರ್ಕಾರದ ನಿಯಮದ ಪ್ರಕಾರ 30ರಿಂದ 65 ವರ್ಷದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕು. ವಿನೆಗರ್ ತರಹದ ಆಮ್ಲದ ನೀರನ್ನು ಹತ್ತಿಯಲ್ಲಿ ಅದ್ದಿ ಕೊರಳಿಗೆ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಬಿಳಿ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಆ ಜಾಗವನ್ನು ತಣ್ಣಗೆ ಹೆಪ್ಪುಗಟ್ಟಿಸಿಯೋ ಬಿಸಿ ಮಾಡಿಯೋ ತೆಗೆಯುತ್ತಾರೆ, ಸಂಜೆಗೆ ಮನೆಗೆ ಬರಬಹುದು.

ಇಲ್ಲಿ ಎಚ್ಚರಿಕೆಯ ಒಂದು ಮಾತು. ಬಿಳುಪು ಹೋಗುತ್ತದೆ ಎಂದ ಕೂಡಲೇ "ಗರ್ಭಕೋಶ ತೆಗೆಸಿಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸುವವರಿದ್ದಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಹೀಗೆ ಬೇಕಿಲ್ಲದೆ ಗರ್ಭಕೋಶ ಕಳೆದುಕೊಂಡ ಲಂಬಾಣಿ, ದಲಿತ ಹೆಣ್ಣುಮಕ್ಕಳು ಬೀದಿಗಿಳಿದು ನ್ಯಾಯ ಕೇಳಿದರು. ಬಿಳುಪು ಹೆಚ್ಚಾಗಿ ಸೋಂಕಿನಿಂದ, ಅದಕ್ಕೆ ಗುಳಿಗೆ ಇದೆ. ಪರೀಕ್ಷೆಯಿಲ್ಲದೆ ಯಾರೂ ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತಬೇಡಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ನಮ್ಮ ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡು ನೊಂದ ತಾಯಂದಿರು ಬಹಳ ಜನ ಇದ್ದಾರೆ. 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿತು, ಆದರೆ ಆ ತಾಯಂದಿರು ಈಗಲೂ ನಮ್ಮ ನಡುವೆ, ನಮ್ಮ ಸಂಘಗಳಲ್ಲೇ ಇದ್ದಾರೆ. ಅವರ ಆರೋಗ್ಯ ಕೇಳುವವರು ಕಡಿಮೆ. ಇವರಾಗಲಿ ಬೇರೆ ಯಾರಾಗಲಿ, ಎಚ್.ಐ.ವಿ. ಇರುವ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು 6 ಪಟ್ಟು. ಎ.ಆರ್.ಟಿ. ಗುಳಿಗೆ ತರಲು ಹೋದಾಗಲೇ ಗರ್ಭಕೊರಳಿನ ಪರೀಕ್ಷೆಯನ್ನೂ ಕೇಳಬೇಕು, ಅವರು 30 ವರ್ಷದವರೆಗೆ ಕಾಯಬಾರದು.

ಹೆಣ್ಣುಮಕ್ಕಳಿಗೆ ಲಸಿಕೆ ಇದೆ. 9ರಿಂದ 14 ವರ್ಷದ ಒಳಗೆ ಹಾಕಿಸಿದರೆ ಹೆಚ್ಚು ಫಲ. ನಮ್ಮ ದೇಶದಲ್ಲೇ, ಪುಣೆಯ ಸೀರಮ್ ಸಂಸ್ಥೆಯಲ್ಲಿ ಸರ್ವಾವ್ಯಾಕ್ ಎಂಬುದನ್ನು ತಯಾರಿಸುತ್ತಾರೆ. ಈ ವಯಸ್ಸಿಗೆ ಒಂದು ಡೋಸು ಕೊಟ್ಟರೂ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಶಾಲೆಯ ಹುಡುಗಿಯರಿಗೆ ಯಾವಾಗ, ಎಲ್ಲಿ ಹಾಕುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಬಿಡದೆ ಕೇಳಿ. ಲಸಿಕೆ ಹಾಕಿಸಿದ ಮಗಳೂ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು.

ಕೊನೆಗೆ ನೀವು ಕೇಳಿದ ಎರಡು ಪ್ರಶ್ನೆ. ಒಬ್ಬರು, "ಎಲುಬಿಗೆ ಇಳಿದಿದೆ ಅಂತ ಪೇಷಂಟಿಗೆ ಹೇಳಬೇಕಾ ಸಿಸ್ಟರ್?" ಎಂದರು. ಅವರಿಗೆ ಎಷ್ಟು ತಿಳಿಯುವ ಮನಸ್ಸಿದೆ ಎಂದು ಮೊದಲು ಅವರನ್ನೇ ಕೇಳಿ. ಬಹಳ ಸಲ ಅವರಿಗೆ ಗೊತ್ತಿರುತ್ತದೆ, ಮನೆಯವರು ಅಳಬಾರದು ಎಂದು ಗೊತ್ತಿಲ್ಲದಂತೆ ಇರುತ್ತಾರೆ. ಮಗಳ ಮದುವೆ, ಹೊಲದ ಪಹಣಿ, ಸಂಘದಲ್ಲಿನ ಉಳಿತಾಯದ ನಾಮಿನಿ, ಇವನ್ನು ಮಾತಾಡಿ ಮುಗಿಸುವ ಅವಕಾಶವನ್ನು ಅವರಿಂದ ಕಿತ್ತುಕೊಳ್ಳಬಾರದು. ಇನ್ನೊಬ್ಬರು, "ಪರೀಕ್ಷೆಗೆ ಗಂಡಸು ಡಾಕ್ಟರ್ ಇರ್ತಾರಾ?" ಎಂದರು. ತರಬೇತಿಯಾದ ನರ್ಸ್‌ಗಳೂ ಈ ಪರೀಕ್ಷೆ ಮಾಡುತ್ತಾರೆ. ಹೆಂಗಸರೇ ಬೇಕು ಎಂದು ಮುಂಚೆಯೇ ಕೇಳಿ. ಪ್ರತಿ ಸಂಘದಿಂದ 30 ದಾಟಿದವರ ಹೆಸರು, ವಯಸ್ಸು ಬರೆದು ಮುಂದಿನ ಸಭೆಗೆ ತನ್ನಿ. ಬಿಳುಪು, ರಕ್ತ, ರಾತ್ರಿ ನಡ ನೋವು ಇರುವವರು ಪಟ್ಟಿಗೆ ಕಾಯಬೇಡಿ, ಇವತ್ತೇ ಸಭೆ ಮುಗಿದ ಮೇಲೆ ಬಂದು ಮಾತಾಡಿ, ನಾನು ಸಂಜೆಯವರೆಗೆ ಇಲ್ಲೇ ಇರುತ್ತೇನೆ.